ಅಕ್ಕಿ ಹೆಚ್ಚಾಗ್ಯಾವ್ರಿ, ಮೇಡಂ

ತಿಕೋಟಾದ ಸಿದ್ದಲಿಂಗೇಶನಿಗೆ ಇಂಗ್ಲಿಷ್ ಬರುತ್ತಿತ್ತು. ಆದರೆ ಒಂಬತ್ತನೆಯ ದಿನದಿಂದ ಹನ್ನೆರಡನೆಯ ದಿನದವರೆಗೆ ಮಾತ್ರ.

ಈ ಮಾತಿಗೆ ವಿವರಣೆ ಬೇಕು. ವಿಜಯಪುರದ ಬಸ್ ನಿಲ್ದಾಣದ ಬಳಿ ಹಳೆಯ ಪುಸ್ತಕಗಳನ್ನು ತೂಕಕ್ಕೆ ಹಾಕಿ ಮಾರುವವನೊಬ್ಬನಿಂದ, ಇಂತಿಷ್ಟು ದಿನಗಳಲ್ಲಿ ಇಂಗ್ಲಿಷ್ ಕಲಿಸಿಯೇ ಬಿಡುವೆನೆಂದು ಮುಖಪುಟದಲ್ಲೇ ಆಣೆ ಮಾಡಿದ್ದ ಒಂದು ಪುಸ್ತಕವನ್ನು ಅವನು ಕೊಂಡು ತಂದಿದ್ದ. ಮನೆಯಲ್ಲಿ ಬಿಚ್ಚಿ ನೋಡಿದಾಗ ಮೊದಲ ಎಂಟು ದಿನಗಳನ್ನು ಗೆದ್ದಲು ಕಲಿತು ಮುಗಿಸಿತ್ತು. ಹದಿಮೂರನೆಯ ದಿನದಿಂದ ಮುಂದಿನದೆಲ್ಲ ಯಾವುದೋ ಭಜಿ ಅಂಗಡಿಯಲ್ಲಿ ಪೊಟ್ಟಣವಾಗಿ, ಊರಿನ ಎಣ್ಣೆಯನ್ನು ಕುಡಿದು, ಸದ್ಗತಿ ಪಡೆದಿತ್ತು. ಉಳಿದ ನಾಲ್ಕು ದಿನಗಳ ಪಾಠ ಒಂದೇ: ಪ್ರಮಾಣ ಮತ್ತು ಹೋಲಿಕೆ. ಎಣಿಸಬಹುದಾದದ್ದಕ್ಕೆ ‘ಮೆನಿ’, ಎಣಿಸಲಾಗದ್ದಕ್ಕೆ ‘ಮಚ್’. ‘ಫ್ಯೂ’ ಎಂದರೆ ಇಲ್ಲವಲ್ಲ ಎಂದು ಅಳುವಷ್ಟು. ‘ಎ ಫ್ಯೂ’ ಎಂದರೆ ಇದೆಯಲ್ಲ ಎಂದು ನಗುವಷ್ಟು. ಇಬ್ಬರಲ್ಲಿ ಒಬ್ಬ ಎತ್ತರವಾದರೆ ಹೀಗೆ, ಹತ್ತು ಜನರಲ್ಲಿ ಒಬ್ಬ ಎತ್ತರವಾದರೆ ಹಾಗೆ.

ಹೀಗಾಗಿ ಸಿದ್ದಲಿಂಗೇಶ ಇಂಗ್ಲಿಷಿನಲ್ಲಿ ಯಾರ ಹೆಸರನ್ನೂ ಕೇಳಲಾರ, ದಾರಿಯನ್ನೂ ಕೇಳಲಾರ. ಆದರೆ ಜಗತ್ತಿನ ಯಾವ ಎರಡು ವಸ್ತುಗಳನ್ನು ಮುಂದಿಟ್ಟರೂ ನಿಂತಲ್ಲೇ ತೂಗಿ ಹೇಳಬಲ್ಲವನಾದ. ಮನೆಯಲ್ಲಿ ಹೆಂಡತಿ ನಂದಾ ಚಹಾ ತಂದರೆ “ಎ ಲಿಟ್ಲ್” ಎನ್ನುವನು. ಸಕ್ಕರೆ ಸಾಕೇ ಎಂದರೆ “ಲೆಸ್ ದ್ಯಾನ್ ಯಸ್ಟರ್ಡೇ” ಎನ್ನುವನು.

“ಕನ್ನಡದಾಗ ಹೇಳ್ರಿ, ಇಲ್ಲಂದ್ರ ನಾಳಿಯಿಂದ ಚಹಾನೂ ಇಂಗ್ಲೀಷಿನ್ಯಾಗ ಕುಡೀರಿ,” ಎಂದು ನಂದಾ ಬಟ್ಟಲನ್ನು ಕುಕ್ಕಿ ಹೋಗುವಳು.

ಅಂಥವನಿಗೆ ಗೋಳಗುಮ್ಮಟದ ಹತ್ತಿರ ಹೊಸದಾಗಿ ತೆರೆದಿದ್ದ ‘ಪ್ರತಿಧ್ವನಿ ಪ್ಯಾಲೇಸ್’ ಹೋಟೆಲಿನಲ್ಲಿ ಉಗ್ರಾಣಿಕನ ಕೆಲಸ ಸಿಕ್ಕಿದ್ದು ಹೇಗೆಂದು ಊರು ಅಚ್ಚರಿಪಟ್ಟಿತು. ಅಚ್ಚರಿಗೆ ಕಾರಣವಿರಲಿಲ್ಲ. ಹೋಟೆಲಿನ ಮಾಲೀಕರು ಪುಣೆಯವರು. ಅವರ ಐದೂ ಹೋಟೆಲುಗಳಿಗೆ ದಿನಸಿಯನ್ನು ಅಲ್ಲಿಂದಲೇ ಲಾರಿಯಲ್ಲಿ ಕಳಿಸುವವರು ಪಿಂಟೋ ಮೇಡಂ ಎಂಬ ಗೋವೆಯ ಹೆಣ್ಣುಮಗಳು. ಮೇಡಮ್ಮಿಗೆ ಕನ್ನಡ ಬಾರದು. ಅವರು ಫೋನಿನ ಪರದೆಯ ಮೇಲೆ ಪ್ರತ್ಯಕ್ಷರಾಗಿ, ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ಸಿದ್ದಲಿಂಗೇಶ ಎದ್ದು ನಿಂತು, ಕೈ ಕಟ್ಟಿ, ಇಂಗ್ಲಿಷಿನಲ್ಲಿ ನಿವೇದಿಸಿದ್ದರ ಸಾರಾಂಶವಿದು: ‘ನಾನು ನನ್ನ ತಮ್ಮನಿಗಿಂತ ಹಿರಿಯ. ನನ್ನ ತಮ್ಮ ನನಗಿಂತ ಎತ್ತರ. ನನಗೆ ತುಸು ಹೊಲವಿದೆ, ಕೆಲವು ಎಮ್ಮೆಗಳಿವೆ. ನನ್ನ ಹೆಂಡತಿ ನನಗಿಂತ ಜಾಣೆ. ನನ್ನ ತಾಯಿ ಎಲ್ಲರಿಗಿಂತ.’

ಇಷ್ಟು ಅಳೆದು ತೂಗಿ ಮಾತಾಡುವವನು ಉಗ್ರಾಣಕ್ಕೆಂದೇ ಹುಟ್ಟಿದವನೆಂದು ಮೇಡಂ ನಿರ್ಧರಿಸಿದರು. ಆರು ತಿಂಗಳು ಪರೀಕ್ಷಾವಧಿ, ಆಮೇಲೆ ಖಾಯಂ. ಕರ್ತವ್ಯ ಒಂದೇ: ಪ್ರತಿ ಸಂಜೆ ಐದಕ್ಕೆ ಉಗ್ರಾಣದಲ್ಲಿ ನಿಂತು, ಏನೇನು ಎಷ್ಟೆಷ್ಟಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಮೇಡಮ್ಮಿನ ಮೊಬೈಲಿಗೆ ಕಳಿಸುವುದು.

ಮೊದಲ ಐದು ತಿಂಗಳು ಗಾಳಿಯೂ ಅಲುಗಲಿಲ್ಲ. ಉದ್ಘಾಟನೆಗೆಂದು ತುಂಬಿಸಿದ್ದ ಚೀಲಗಳು ಮಾಡು ಮುಟ್ಟಿದ್ದವು. ಸಿದ್ದಲಿಂಗೇಶ ದಿನವೂ ‘ರೈಸ್ ಈಸ್ ಇನಫ್’ ಎಂದು ಬರೆದು, ತಿಕೋಟಾದ ಬಸ್ಸು ಹಿಡಿದು, ಕಿಟಕಿಯ ಪಕ್ಕದಲ್ಲಿ ಕುಳಿತು, ತನ್ನ ಭಾಗ್ಯವನ್ನು ಬೇರೆಯವರ ಭಾಗ್ಯದೊಂದಿಗೆ ಹೋಲಿಸುತ್ತ ಮನೆ ಸೇರುತ್ತಿದ್ದ.

ಆರನೆಯ ತಿಂಗಳ ಮೊದಲ ವಾರ ಅಡುಗೆಯ ಕಸ್ತೂರಿ ಉಗ್ರಾಣದ ಬಾಗಿಲಿಗೆ ಬಂದು ನಿಂತಳು. ಅವಳು ಬಬಲೇಶ್ವರದ ಕಡೆಯ ಕಾಖಂಡಕಿಯವಳು. ಸೌಟು ಹಿಡಿದರೆ ಮೇಲಧಿಕಾರಿಗಳೂ ದಾರಿ ಬಿಡುತ್ತಿದ್ದರು.

“ಸಾಹೇಬ್ರ, ಅಕ್ಕಿ ಹೆಚ್ಚಾಗ್ಯಾವ್ರಿ,” ಎಂದಳು. “ಬ್ಯಾಳಿನೂ ಹೆಚ್ಚಾಗಾಕ ಬಂದಾವು.”

ಸಿದ್ದಲಿಂಗೇಶನ ಎದೆ ಧಸಕ್ಕೆಂದಿತು.

ನಮ್ಮ ಸೀಮೆಯ ಸಂಪ್ರದಾಯವನ್ನು ಅರಿಯದವರಿಗೆ ಈ ಎದೆಯ ವರ್ತನೆ ಅರ್ಥವಾಗದು. ಇಲ್ಲಿನ ಅಡುಗೆಮನೆ, ಉಗ್ರಾಣ, ಅಂಗಡಿಗಳಲ್ಲಿ ಇರಬೇಕಾದ ವಸ್ತುವನ್ನು ‘ಇಲ್ಲ’ ಎನ್ನುವಂತಿಲ್ಲ. ಡಬ್ಬಿಯ ತಳ ಕಂಡರೆ ‘ಹೆಚ್ಚಾಗೈತಿ’ ಎನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಾಯಿತು. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಲಕ್ಷ್ಮಿಯ ಕಿವಿ ಬಹಳ ಸೂಕ್ಷ್ಮ. ಕಾಳಿನ ಕೋಣೆಯಲ್ಲಿ ‘ಇಲ್ಲ’ ಎಂಬ ಸದ್ದು ಬಿದ್ದರೆ, ‘ಓಹೋ, ಹಾಗಿದ್ದರೆ ನಾನೂ ಇಲ್ಲವೆಂದೇ ತಿಳಿಯಿರಿ’ ಎಂದು ಎದ್ದು ಹೊರಡುತ್ತಾಳೆ. ಸಿದ್ದಲಿಂಗೇಶ ಒಂಬತ್ತು ವರ್ಷದವನಿದ್ದಾಗ “ಯವ್ವಾ, ಉಪ್ಪ ಇಲ್ಲ ಬೇ” ಎಂದು ಕೂಗಿದ್ದಕ್ಕೆ ತಾಯಿ ಗುರುಸಿದ್ದವ್ವ ಮರದ ಸೌಟಿನಿಂದ ಬೆನ್ನಿಗೆ ಬಿಟ್ಟ ಏಟು ಹುಣ್ಣಿಮೆ ಅಮಾವಾಸ್ಯೆಗೆ ಈಗಲೂ ಜುಮ್ಮೆನ್ನುತ್ತಿತ್ತು. ಅಂದಿನಿಂದ ಆ ಶಬ್ದವನ್ನು ಕಾಳಿನ ಕೋಣೆಯಲ್ಲಿ ಆಡುವುದಿರಲಿ, ನೆನೆಯುವುದನ್ನೂ ಅವನು ಬಿಟ್ಟಿದ್ದ. ಆಡಬಾರದ್ದನ್ನು ಬರೆಯಬಹುದೇ? ಮಾತಾದರೆ ಗಾಳಿಗೆ ಹೋದೀತು, ಅಕ್ಷರ ನಿಲ್ಲುತ್ತದೆ.

ಆದ್ದರಿಂದ ಸಂಜೆ ಐದಕ್ಕೆ ಉಗ್ರಾಣದಲ್ಲಿ ನಿಂತು, ಅರ್ಧ ಚೀಲ ಅಕ್ಕಿಯನ್ನು ದುಃಖದಿಂದ ನೋಡುತ್ತ, ಅವನು ಬರೆದ: ‘ರೈಸ್ ಈಸ್ ಮೋರ್.’

ಕ್ಷಣದಲ್ಲಿ ಪುಣೆಯಿಂದ ಉತ್ತರ ಬಂತು: ‘ಗುಡ್!’

ಅವನು ಮೊಬೈಲನ್ನು ಹಿಡಿದುಕೊಂಡು ರಸ್ತೆ ದಾಟಿ ಯಾಕೂಬನ ಚಹಾದ ಅಂಗಡಿಗೆ ಹೋದ. ಯಾಕೂಬ ಹತ್ತನೆಯ ತರಗತಿಯ ಇಂಗ್ಲಿಷನ್ನು ಮೂರು ವರ್ಷ ಓದಿದವನು. ಒಂದೇ ವರ್ಷದಲ್ಲಿ ಪಾಸಾದವರಿಗಿಂತ ತನ್ನ ಜ್ಞಾನ ಮೂರು ಪಟ್ಟು ಎಂಬುದು ಅವನ ಲೆಕ್ಕ.

“ಬರಿದದ್ದು ಬರೋಬ್ಬರಿ ಐತ್ರಿ,” ಎಂದು ಯಾಕೂಬ ತೀರ್ಪಿತ್ತ. “ಅಕ್ಕಿ ಹೆಚ್ಚಾಗ್ಯಾವು. ರೈಸ್ ಈಸ್ ಮೋರ್. ಒಂದ ಅಕ್ಷರ ಹಿಂದಮುಂದ ಆಗಿಲ್ಲ.”

“ಮತ್ತ ಗುಡ್ ಅಂತಾರಲ್ಲೋ? ಅಕ್ಕಿ ಹೆಚ್ಚಾದ್ರ ಗುಡ್ ಏನ ಬಂತು?”

“ಚಿಂತಿ ಮಾಡಬ್ಯಾಡಪ್ಪಾ, ನಾ ಅದೇನಿ ಅಂತ ಸಮಾಧಾನ ಹೇಳ್ಯಾರ್ರಿ. ದೊಡ್ಡ ಕಂಪನಿಯವರು ಹಂಗ. ಅಳಾಕತ್ತಾವ್ನ ಮುಂದ ಗುಡ್ ಅಂತಾರ.”

ಸೋಮವಾರ ಲಾರಿ ಬರಲಿಲ್ಲ. ಬದಲಿಗೆ ಮೇಡಮ್ಮಿನ ಪ್ರಶ್ನೆ ಬಂತು: ‘ಹೌ ಮಚ್ ಮೋರ್?’

ಇದು ಯಾಕೂಬನ ಮೂರು ವರ್ಷದ ವಿದ್ಯೆಗೆ ಮೀರಿದ ವಿಷಯವೆಂದು ಸಿದ್ದಲಿಂಗೇಶ ಮರುದಿನ ತಿಕೋಟಾದ ನಿವೃತ್ತ ಮಾಸ್ತರರಾದ ಗುರುಪಾದಯ್ಯನವರ ಕಟ್ಟೆ ಹತ್ತಿದ. ಬಬಲೇಶ್ವರದಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದ ಗುರುಪಾದಯ್ಯನವರು ನಿವೃತ್ತಿಯ ಬಳಿಕ ತಿದ್ದಲು ಏನೂ ಸಿಗದೆ ಲಗ್ನಪತ್ರಿಕೆಗಳನ್ನು ತಿದ್ದಿ ವಾಪಸು ಕಳಿಸುತ್ತಿದ್ದರು. ಅವರು ಕನ್ನಡಕ ಏರಿಸಿ ಸಂದೇಶವನ್ನು ಓದಿ, ಬಾಯಿಯಲ್ಲಿ ಕಲ್ಲು ಸಿಕ್ಕವರಂತೆ ಮುಖ ಮಾಡಿದರು.

“ತಮ್ಮಾ, ‘ಈಸ್ ಮೋರ್’ ಅಂತ ಬರದ್ಯಲ್ಲ, ಯಾತಕ್ಕಿಂತ ಮೋರ್? ಹೋಲಿಕಿಗೆ ಎರಡ ಕಾಲ ಬೇಕು. ಇದು ಒಂದ ಕಾಲಿನ ಹೋಲಿಕಿ, ಕುಂಟತೈತಿ. ಅದಕ್ಕ ಅವರು ತಿಳೀಲಾರದ ಕೇಳ್ಯಾರ. ಹೋದ ವಾರಕ್ಕಿಂತ ಈ ವಾರ ಅಕ್ಕಿ ಹೆಚ್ಚಾಗ್ಯಾವಿಲ್ಲೋ?”

“ಭಾಳ ಹೆಚ್ಚಾಗ್ಯಾವ್ರಿ ಸರ. ಚೀಲದ ತಳಾ ಕಾಣಾಕತ್ತೈತ್ರಿ.”

“ಅಂದ್ರ ‘ಮಚ್ ಮೋರ್ ದ್ಯಾನ್ ಲಾಸ್ಟ್ ವೀಕ್’. ಬರಿ.”

“ಕಿಲೋ ಎಷ್ಟಂತ ಕೇಳಿದ್ರ?”

“ಅಕ್ಕಿ ಎಣಸಾಕ ಬರ್ತೈತೇನು? ಅದು ಎಣಿಸಲಾಗದ ನಾಮಪದ. ತಿಳಿಸಿ ಹೇಳು ಅವರಿಗೆ, ಕಲೀಲಿ.”

ಸಿದ್ದಲಿಂಗೇಶ ಭಕ್ತಿಯಿಂದ ಬರೆದು ಕಳಿಸಿದ: ‘ಮೇಡಂ, ರೈಸ್ ಈಸ್ ಮಚ್ ಮೋರ್ ದ್ಯಾನ್ ಲಾಸ್ಟ್ ವೀಕ್. ರೈಸ್ ಈಸ್ ಅನ್‌ಕೌಂಟಬಲ್.’

ಈ ವಾಕ್ಯದಲ್ಲಿ ದೋಷ ಹುಡುಕುವವರು ಹುಡುಕಲಿ. ವ್ಯಾಕರಣದ ಯಾವ ನ್ಯಾಯಾಲಯವೂ ಅದನ್ನು ಶಿಕ್ಷಿಸಲಾರದು. ಆದರೆ ಪುಣೆಯಲ್ಲಿ ಅದನ್ನು ಓದಿದ ಪಿಂಟೋ ಮೇಡಂ ಕುರ್ಚಿಯಿಂದ ಅರ್ಧ ಎದ್ದರು. ಕಂಪನಿಯ ಉಳಿದ ನಾಲ್ಕು ಹೋಟೆಲುಗಳ ಉಗ್ರಾಣಿಕರು ವಾರಕ್ಕೆರಡು ಸಲ ಅದು ಕೊಡಿ ಇದು ಕೊಡಿ ಎಂದು ಗೋಳಿಡುವವರು. ಇಲ್ಲಿ ಒಬ್ಬ ಪುಣ್ಯಾತ್ಮನ ಉಗ್ರಾಣದಲ್ಲಿ ಅತಿಥಿಗಳು ಉಂಡಷ್ಟೂ ಅಕ್ಕಿ ಬೆಳೆಯುತ್ತಿದೆ! ಅವರು ಸಂದೇಶವನ್ನು ಮಾಲೀಕರಿಗೆ ತೋರಿಸಿದರು. ಮಾಲೀಕರು, ನೋಡಿ ಕಲಿಯಿರೆಂದು ಉಳಿದ ನಾಲ್ವರಿಗೆ ಅದನ್ನು ಕಳಿಸಿದರು. ವಿಜಯಪುರದ ಲಾರಿಯನ್ನು ರದ್ದು ಮಾಡಿದರು.

ಇತ್ತ ಪ್ರತಿಧ್ವನಿ ಪ್ಯಾಲೇಸಿನಲ್ಲಿ ಅನ್ನವೆಂಬುದು ಪುರಾಣದ ವಸ್ತುವಾಗತೊಡಗಿತು. ಕಸ್ತೂರಿ ಊರಿನಿಂದ ಜೋಳ ತರಿಸಿ ರೊಟ್ಟಿ ಬಡಿಯುತ್ತ ಮರ್ಯಾದೆ ಉಳಿಸಿದಳು. ಚೆನ್ನೈಯಿಂದ ಬಂದಿದ್ದ ಒಂದು ಕುಟುಂಬ ಮೊಸರನ್ನ ಕೇಳಿತು. ಬಡಿಸಲು ಬಂದ ಕಸ್ತೂರಿ ವಿನಯದಿಂದ, ಯಾಕೂಬನಿಂದ ಕಲಿತಿದ್ದ ಇಂಗ್ಲಿಷಿನಲ್ಲೇ, “ರೈಸ್ ಮೋರ್ ಸರ್” ಎಂದಳು. “ಹಾಗಿದ್ದರೆ ಹೆಚ್ಚೇ ತನ್ನಿ” ಎಂದು ಅವರು ಸಂತೋಷದಿಂದ ತೋಳು ಮಡಚಿ ಕುಳಿತರು. ಮುಕ್ಕಾಲು ಗಂಟೆಯ ಮೇಲೆ ಅವರ ಮುಂದೆ ಹತ್ತು ರೊಟ್ಟಿ, ಎಣಗಾಯಿ ಪಲ್ಯ ಬಂದು ಕುಳಿತವು. ಕುಟುಂಬದ ಹಿರಿಯರು ಕಸ್ತೂರಿಯ ಕೈಯಲ್ಲಿದ್ದ ಸೌಟನ್ನು ನೋಡಿ ಉಂಡೆದ್ದರು.

ಸಂಕಟ ಶುಕ್ರವಾರದ ರೂಪದಲ್ಲಿ ಬರುವುದಿತ್ತು. ಅಂದು ಮಧ್ಯಾಹ್ನ ಒಂದೂವರೆಗೆ ನಿವೃತ್ತ ಶಿಕ್ಷಕರ ಸಂಘದ ನೂರಾ ಇಪ್ಪತ್ತು ಜನರ ಊಟ. ಅಧ್ಯಕ್ಷರು ನಮ್ಮ ಗುರುಪಾದಯ್ಯನವರೇ. ಅವರು ಬರೆದುಕೊಟ್ಟ ಪಟ್ಟಿಯ ನೆತ್ತಿಯ ಮೇಲಿದ್ದದ್ದು ಮಸಾಲೆ ಅನ್ನ. ಅಂದೇ ಸಿದ್ದಲಿಂಗೇಶನ ಆರು ತಿಂಗಳೂ ಮುಗಿಯುತ್ತಿತ್ತು. ಊಟ ಸಾಗಿದರೆ ಖಾಯಂ. ನೂರಾ ಇಪ್ಪತ್ತು ಮಾಸ್ತರರು ಅನ್ನವಿಲ್ಲದೆ ಎದ್ದರೆ ಅವನು ತಿಕೋಟಾಕ್ಕೆ ಎಮ್ಮೆ ಕಾಯಲು ಹೋಗುವುದು ಖಾಯಂ.

“ಇನ್ನೂ ಒಂದ ಮೆಟ್ಟಲ ಉಳದೈತಿ,” ಎಂದ ಯಾಕೂಬ ಚಹಾ ಸೋಸುತ್ತ. “ಮೋರ್ ಆತು, ಮಚ್ ಮೋರ್ ಆತು. ಈಗ ಮೋಸ್ಟ್ ಹಾಕ್ರಿ. ಮೋಸ್ಟ್ ಅಂದ್ರ ಕಲ್ಲೂ ಕರಗತೈತಿ.”

ಬುಧವಾರ ಸಂಜೆ ಐದಕ್ಕೆ, ಕಸಬರಿಗೆಯೊಂದೇ ಒರಗಿ ನಿಂತಿದ್ದ ಉಗ್ರಾಣದ ನಡುವೆ, ತುಂಬಿದ ಕಣ್ಣಿನಿಂದ ಸಿದ್ದಲಿಂಗೇಶ ತನ್ನ ಜೀವಮಾನದ ಮಹಾಕೃತಿಯನ್ನು ರಚಿಸಿದ: ‘ಮೇಡಂ, ರೈಸ್ ಈಸ್ ದ ಮೋಸ್ಟ್. ದಾಲ್ ಈಸ್ ಆ್ಯಸ್ ಮಚ್ ಆ್ಯಸ್ ರೈಸ್. ಆಯಿಲ್ ಈಸ್ ಮೋರ್ ದ್ಯಾನ್ ಬೋಥ್. ಶುಗರ್ ಈಸ್ ಮೋರ್ ಆ್ಯಂಡ್ ಮೋರ್ ಎವೆರಿ ಡೇ.’

ಉತ್ತರ ತುಸು ತಡವಾಗಿ ಬಂತು. ನಂಬಲಾಗುತ್ತಿಲ್ಲವೆಂದೂ, ಶುಕ್ರವಾರ ಬೆಳಗ್ಗೆ ಲಾರಿಯೊಂದಿಗೆ ಖುದ್ದಾಗಿ ಬರುತ್ತಿರುವೆನೆಂದೂ ಅದರಲ್ಲಿತ್ತು.

“ನೋಡ್ರಿ, ಕರಗಿತಿಲ್ಲೋ ಕಲ್ಲು!” ಎಂದು ಯಾಕೂಬ ಅಂದು ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ.

ಶುಕ್ರವಾರ ಒಂಬತ್ತಕ್ಕೆ ಲಾರಿ ಬಂತು. ಹಿಂದೆ ಕಾರಿನಿಂದ ಪಿಂಟೋ ಮೇಡಂ ಇಳಿದರು. ಲಾರಿಯಿಂದ ಆರು ಜನ ಹಮಾಲರು ಇಳಿದರು. ಸಿದ್ದಲಿಂಗೇಶ ಇಸ್ತ್ರಿಯ ಅಂಗಿಯಲ್ಲಿ, ವಿಭೂತಿ ಧರಿಸಿ, ಕೈಮುಗಿದ. ಮೇಡಂ ಪ್ರತಿಯಾಗಿ ಚೀಲದಿಂದ ಒಂದು ಶಾಲು ತೆಗೆದು ಅವನಿಗೆ ಹೊದಿಸಿದರು. ಸುತ್ತ ನೆರೆದವರು ಚಪ್ಪಾಳೆ ತಟ್ಟಿದರು. ಕಸ್ತೂರಿ ಕಣ್ಣೊರೆಸಿಕೊಂಡಳು.

ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ನಡೆದರು. ಅಕ್ಕಿ ಇಳಿಸಿಕೊಳ್ಳಲೆಂದು ಸಿದ್ದಲಿಂಗೇಶ ಲಾರಿಯ ತಾಡಪತ್ರಿಯನ್ನು ಎತ್ತಿದ. ಹೆಚ್ಚಾದ ಅಕ್ಕಿಯನ್ನು ಕೊಲ್ಲಾಪುರದ ಹೋಟೆಲಿಗೆ ಒಯ್ಯಲೆಂದು ಮೇಡಂ ಉಗ್ರಾಣದ ಬಾಗಿಲನ್ನು ನೂಕಿದರು.

ಲಾರಿಯೊಳಗೆ ಒಂದು ಹಗ್ಗವಿತ್ತು. ಉಗ್ರಾಣದೊಳಗೆ ಒಂದು ಕಸಬರಿಗೆಯಿತ್ತು.

ಇಬ್ಬರೂ ಏಕಕಾಲಕ್ಕೆ ತಿರುಗಿದರು.

“ಅಕ್ಕಿ ಎಲ್ಲಿ?” ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರು.

“ಮೋಸ್ಟ್ ಮೇಡಂ,” ಎಂದ ಸಿದ್ದಲಿಂಗೇಶ, ಉಗ್ರಾಣದ ಹೊಸ್ತಿಲಿಗೆ ಓಡಿ ಬಂದು.

“ಮೋಸ್ಟ್ ಇದ್ದದ್ದು ಎಲ್ಲಿ ಹೋಯಿತು? ಮಾರಿದಿರಾ?”

ಈ ಪ್ರಶ್ನೆಯ ಅರ್ಥ ಒಂಬತ್ತರಿಂದ ಹನ್ನೆರಡನೆಯ ದಿನದ ಪಾಠದಲ್ಲಿರಲಿಲ್ಲ, ಮೇಡಮ್ಮಿನ ಮುಖದಲ್ಲಿತ್ತು. ಅಷ್ಟರಲ್ಲಿ, ಊಟದ ವ್ಯವಸ್ಥೆ ನೋಡಲು ಬೇಗನೆ ಬಂದಿದ್ದ ಗುರುಪಾದಯ್ಯನವರು ಗುಂಪನ್ನು ಸೀಳಿ ಬಂದರು. ಶಿಷ್ಯನಲ್ಲದಿದ್ದರೂ ಶಿಷ್ಯನಂಥವನ ಮಾನ ಕಾಯಲು ಮುಂದೆ ನಿಂತು, ಮೊಬೈಲಿನ ಸಂದೇಶಗಳನ್ನು ಒಂದೊಂದಾಗಿ ಓದಿಸಿ, ಅಚ್ಚ ಇಂಗ್ಲಿಷಿನಲ್ಲಿ ಘೋಷಿಸಿದರು: “ಮೇಡಂ, ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಇಲ್ಲಿ ಒಂದೇ ಒಂದು ತಪ್ಪಿಲ್ಲ. ಎಣಿಸಲಾಗದ ನಾಮಪದಕ್ಕೆ ಎಲ್ಲೂ ‘ಮೆನಿ’ ಬಳಸಿಲ್ಲ.”

“ಸರ್, ನಾನು ಅಕ್ಕಿ ಕೇಳುತ್ತಿದ್ದೇನೆ!”

“ಅದನ್ನೂ ಸರಿಯಾಗಿಯೇ ಕೇಳಿದ್ದೀರಿ,” ಎಂದು ಮಾಸ್ತರರು ಮೆಚ್ಚಿ ತಲೆಯಾಡಿಸಿದರು.

ಮೇಡಂ ಹಣೆ ಒತ್ತಿಕೊಂಡರು. ಗಡಿಯಾರ ಹತ್ತು ತೋರಿಸುತ್ತಿತ್ತು. ಪೇಟೆಯಿಂದ ಅಕ್ಕಿ ತರಿಸಬೇಕಾದರೂ ಮಾಲೀಕರ ಒಪ್ಪಿಗೆ ಬೇಕು, ಒಪ್ಪಿಗೆಗೆ ಉಗ್ರಾಣಿಕನ ಸ್ಪಷ್ಟ ಹೇಳಿಕೆ ಬೇಕು. ಅವರು ಸಿದ್ದಲಿಂಗೇಶನ ಕಣ್ಣಲ್ಲಿ ಕಣ್ಣಿಟ್ಟು, ಬಿಡಿಬಿಡಿಯಾಗಿ ಹೇಳಿದರು: “ಒಳಗೆ ಅಕ್ಕಿ ಇಲ್ಲ ಎಂದು ಬಾಯಿ ಬಿಟ್ಟು ಒಮ್ಮೆ ಹೇಳಿ. ಹೇಳದಿದ್ದರೆ ಕಳವಾಗಿದೆ ಎಂದು ಪೊಲೀಸರಿಗೆ ನಾನು ಹೇಳಬೇಕಾಗುತ್ತದೆ.”

ಗುರುಪಾದಯ್ಯನವರು ಇದನ್ನು ಕನ್ನಡಕ್ಕೆ ತಂದಾಗ ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು.

“ಯಪ್ಪಾ, ಹೇಳಬ್ಯಾಡ್ರಿ!” ಎಂದು ಕಸ್ತೂರಿ ಚೀರಿದಳು. “ಜೇಲಿಗೆ ಬೇಕಾದ್ರ ಹೋಗ್ರಿ, ನಾ ದಿನಾ ರೊಟ್ಟಿ ತಂದ ಕೊಡ್ತೀನಿ. ಉಗ್ರಾಣದಾಗ ಮಾತ್ರ ಆ ಮಾತ ಆಡಬ್ಯಾಡ್ರಿ. ನಾಳಿ ಇಲ್ಲೆ ಒಲಿ ಹಚ್ಚೂದು ನಾನು!”

ಸಿದ್ದಲಿಂಗೇಶ ಹೊಸ್ತಿಲಿಂದ ಕೆಳಗಿಳಿದ. ನಿರ್ಧಾರ ಅವನ ಮುಖದಲ್ಲಿತ್ತು. “ಕಮ್ ಮೇಡಂ,” ಎಂದು ಹೋಟೆಲಿನ ಆವಾರದಿಂದಲೇ ಹೊರಬಿದ್ದ. ಮಾತನ್ನು ಆಡಲು ಸಿದ್ಧ. ಆದರೆ ಲಕ್ಷ್ಮಿಗೆ ಕೇಳಿಸದ ಜಾಗ ಬೇಕು. ಮೇಡಂ, ಮಾಸ್ತರರು, ಕಸ್ತೂರಿ, ಆರು ಹಮಾಲರು, ಹಿಂದೆ ಊರು, ಹೀಗೆ ಮೆರವಣಿಗೆ ರಸ್ತೆ ದಾಟಿತು. ಶಾಲು ಇನ್ನೂ ಅವನ ಹೆಗಲ ಮೇಲಿತ್ತು. ನೋಡಿದವರು ಯಾರದೋ ಸನ್ಮಾನವೆಂದು ಕೈಮುಗಿದರು.

ಮೊದಲು ಯಾಕೂಬನ ಅಂಗಡಿ.

“ಯಾಕೂಬ, ಒಂದ ಮಾತ ಇಲ್ಲೆ ನಿಂತ ಹೇಳಿ ಹೋಗ್ತೀನಿ.”

ಯಾಕೂಬ ಸೋಸುತ್ತಿದ್ದ ಪಾತ್ರೆಯನ್ನು ಇಳಿಸಿ ಎರಡೂ ಕೈ ಅಡ್ಡ ಹಿಡಿದ. “ಆ ಮಾತೇನ್ರಿ? ಬ್ಯಾಡ್ರಿ ಮಾಲಕ! ಹಾಲ ಒಲಿ ಮ್ಯಾಲೈತಿ. ನಿಮ್ಮ ಸಲುವಾಗಿ ಜೀವಾ ಕೇಳ್ರಿ, ಕೊಡ್ತೀನಿ. ದುಕಾನ ಕೇಳಬ್ಯಾಡ್ರಿ.”

ಪಕ್ಕದಲ್ಲಿ ಹೂ ಮಾರುವ ಬಾನುಬಿ, ಮೆರವಣಿಗೆ ತನ್ನ ಕಡೆ ತಿರುಗುವ ಮೊದಲೇ ಬುಟ್ಟಿಯ ಮೇಲೆ ಸೆರಗು ಹರಡಿದಳು. “ಮುಂದ ಹೋಗ್ರಿ, ಮುಂದ ಹೋಗ್ರಿ! ಇನ್ನೂ ಬೋಣಿ ಆಗಿ...” ಎಂದವಳು ನಾಲಿಗೆ ಕಚ್ಚಿಕೊಂಡು, “ಬೋಣಿ ಭಾಳ ಆಗೈತಿ!” ಎಂದಳು.

ಆಟೋದ ಅಮೋಘಸಿದ್ದ, ತನ್ನ ಗಾಡಿಯ ನೆರಳಲ್ಲೂ ಆ ಮಾತು ಬೀಳಬಾರದೆಂದು, ಗಾಡಿಯನ್ನೇ ಚಾಲೂ ಮಾಡಿ ಇಪ್ಪತ್ತು ಮಾರು ದೂರ ಒಯ್ದು ನಿಲ್ಲಿಸಿದ. ಅಲ್ಲಿಂದಲೇ ಕೂಗಿ ಸಲಹೆಯನ್ನೂ ಕೊಟ್ಟ: “ಗೋಳಗುಮ್ಮಟ ಹತ್ತಿ ಹೇಳ್ರಿ! ಅಲ್ಲಿ ಅಡಗಿ ಮಾಡೋರು ಯಾರೂ ಇಲ್ಲ!”

“ನಿನ್ನ ತಲಿ!” ಎಂದು ಕಸ್ತೂರಿ ತಿರುಗಿಬಿದ್ದಳು. “ಅಲ್ಲಿ ಒಂದ ಸಲ ಇಲ್ಲ ಅಂದ್ರ ಅದು ಏಳ ಸಲ ಇಲ್ಲ ಅಂತೈತಿ. ಜಿಲ್ಲಾನ ಖಾಲಿ ಆಗತೈತಿ!”

ನಗರದ ಇಷ್ಟು ವಿಸ್ತಾರದಲ್ಲಿ ಒಬ್ಬ ಮನುಷ್ಯ ನಿಂತು ಅಕ್ಕಿ ಇಲ್ಲವೆನ್ನಲು ಒಂದು ಚಪ್ಪಡಿಯಷ್ಟು ಜಾಗವಿರಲಿಲ್ಲ. ಕಾಯಿಪಲ್ಯದವನು ಕಣ್ಣು ಕೆಕ್ಕರಿಸಿದ. ಔಷಧದಂಗಡಿಯವನು, ಜಡ್ಡಿನ ಮಂದಿ ಬರುವ ಜಾಗವೆಂದು ಕೈಮುಗಿದ. ಗುರುಪಾದಯ್ಯನವರು ಗಡಿಯಾರ ನೋಡಿ, ಹತ್ತೂ ಇಪ್ಪತ್ತು ಎಂದರು. ಪಿಂಟೋ ಮೇಡಂ, ತಾವು ನಡೆಸುತ್ತಿರುವುದು ಕಳವಿನ ತನಿಖೆಯೋ ಮೆರವಣಿಗೆಯೋ ತಿಳಿಯದೆ, ಚಪ್ಪಲಿಯಲ್ಲಿ ಸೇರಿದ ಕಲ್ಲನ್ನು ಝಾಡಿಸುತ್ತ ಹಿಂದೆ ನಡೆಯುತ್ತಿದ್ದರು.

ಆಗ ಸಿದ್ದಲಿಂಗೇಶ ತಟ್ಟನೆ ನಿಂತ. ಎದುರಿಗೆ ಒಂದು ಬ್ಯಾಂಕಿನ ಎಟಿಎಂ ಇತ್ತು. ಅದರ ಗಾಜಿನ ಬಾಗಿಲಿಗೆ ಅಂಟಿಸಿದ್ದ ಕಾಗದದಲ್ಲಿ, ದಪ್ಪ ಅಕ್ಷರದಲ್ಲಿ, ಎರಡೇ ಶಬ್ದಗಳಿದ್ದವು: ‘ನಗದು ಇಲ್ಲ.’

ಅವನ ಮುಖದಲ್ಲಿ, ದೇವರನ್ನು ಹುಡುಕಿ ಗುಡಿ ಕಂಡವನ ಶಾಂತಿ ಮೂಡಿತು. ಇ‌ಲ್ಲಿ ಲಕ್ಷ್ಮಿ ಯಾವಾಗಲೋ ಎದ್ದು ಹೋಗಿದ್ದಾಳೆ, ಹೇಳಿಯೂ ಹೋಗಿದ್ದಾಳೆ. ಇನ್ನು ಯಾರಿಗೆ ಯಾರ ಭಯ?

ಅವನು ಬಾಗಿಲನ್ನು ತೆರೆದು ಮೇಡಮ್ಮನ್ನು ಒಳಗೆ ಕರೆದ, ಬಾಗಿಲನ್ನು ಭದ್ರವಾಗಿ ಮುಚ್ಚಿದ, ಶಾಲು ತೆಗೆದು ಯಂತ್ರದ ಮೇಲಿಟ್ಟ, ಎದೆ ಸೆಟೆಸಿ ಉಸಿರೆಳೆದುಕೊಂಡ. ಮೂರು ವಾರಗಳಿಂದ ಕಟ್ಟಿ ನಿಂತಿದ್ದ ಕೆರೆ ಒಡೆಯಿತು.

“ನೋ ರೈಸ್, ಮೇಡಂ! ನೋ ದಾಲ್! ನೋ ಆಯಿಲ್! ನೋ ಶುಗರ್! ಲಿಟ್ಲ್ ಸಾಲ್ಟ್, ಮೇಡಂ, ನಾಟ್ ಎ ಲಿಟ್ಲ್! ಫ್ಯೂ ಚಿಲ್ಲೀಸ್, ನಾಟ್ ಎ ಫ್ಯೂ! ತ್ರೀ ವೀಕ್ಸ್, ಲೆಸ್! ಲೆಸ್ ಆ್ಯಂಡ್ ಲೆಸ್! ನೌ ನೋ!”

ಮೇಡಂ ಬೆರಗಾಗಿ ನೋಡಿದರು. “ಮತ್ತೆ ಹೆಚ್ಚು ಹೆಚ್ಚು ಎಂದು ಯಾಕೆ ಬರೆದಿರಿ?”

ಸಿದ್ದಲಿಂಗೇಶ ತನ್ನ ನಾಲ್ಕು ದಿನದ ಇಂಗ್ಲಿಷಿನ ತಳ ಕೆರೆದ. ಒಂದು ಕೈಯನ್ನು ಬಾಯಿಯ ಮೇಲಿಟ್ಟು, “ಇನ್ ಸ್ಟೋರ್, ಮೌತ್ ಮೋರ್,” ಎಂದ. ಇನ್ನೊಂದು ಕೈಯಿಂದ ಗಾಳಿಯಲ್ಲೇ ಬರಿದಾದ ಚೀಲ ಕೊಡವುವಂತೆ ಮಾಡಿ, “ಸ್ಯಾಕ್ ನೋ,” ಎಂದ. ಆಮೇಲೆ ಎರಡೂ ಕೈ ಜೋಡಿಸಿ, ಮೇಲೆ ನೋಡಿ, “ಮದರ್ ಲಕ್ಷ್ಮಿ, ಬಿಗ್ ಇಯರ್,” ಎಂದ.

ಬಾಗಿಲಿನ ಗಾಜಿಗೆ ಮೂಗು ಒತ್ತಿ ನಿಂತಿದ್ದ ಜನ ಕಂಡದ್ದಿಷ್ಟು: ಮೇಡಂ ಮೊಬೈಲು ತೆಗೆದು ಹಳೆಯ ಸಂದೇಶಗಳನ್ನು ಮೊದಲಿನಿಂದ ಓದತೊಡಗಿದರು. ‘ಅನ್‌ಕೌಂಟಬಲ್’ ಬಂದಾಗ ಅವರ ಭುಜ ಕುಣಿಯಿತು. ‘ಶುಗರ್ ಈಸ್ ಮೋರ್ ಆ್ಯಂಡ್ ಮೋರ್’ ಬಂದಾಗ ಅವರು ಯಂತ್ರಕ್ಕೆ ಒರಗಿ, ಶಾಲಿನಲ್ಲಿ ಮುಖ ಮುಚ್ಚಿಕೊಂಡರು.

“ಅಳಾಕತ್ತಾರ,” ಎಂದ ಯಾಕೂಬ.

“ನಗಾಕತ್ತಾರೋ ಮೂಳಾ,” ಎಂದಳು ಕಸ್ತೂರಿ.

ಒಳಗೆ ಮೇಡಂ ಕಣ್ಣೊರೆಸಿಕೊಂಡು ಹೇಳುತ್ತಿದ್ದರು: “ಸಿದ್ದಲಿಂಗೇಶ್, ನಮ್ಮ ಕಂಪನಿಯಲ್ಲಿ ನಿಮ್ಮಷ್ಟು ಕೆಟ್ಟ ವರದಿಗಾರ ಇನ್ನೊಬ್ಬನಿಲ್ಲ. ನಿಮ್ಮಷ್ಟು ಪ್ರಾಮಾಣಿಕನೂ ಇನ್ನೊಬ್ಬನಿಲ್ಲ.”

‘ವರ್ಸ್ಟ್’ ಮತ್ತು ‘ಮೋಸ್ಟ್ ಆನೆಸ್ಟ್’, ಎರಡೂ ಹನ್ನೆರಡನೆಯ ದಿನದವೇ; ಸಿದ್ದಲಿಂಗೇಶ ಅವನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟು, ಮುಳ್ಳನ್ನು ನೋಡುವವನಂತೆ ಅವರ ಮುಖ ನೋಡಿದ.

“ವಿಚ್ ಈಸ್ ಮೋರ್, ಮೇಡಂ?”

“ಪ್ರಾಮಾಣಿಕತೆ,” ಎಂದರು ಮೇಡಂ. “ಬೈ ಎ ಲಿಟ್ಲ್.”

‘ಎ’ ಸಿಕ್ಕಿತು. ನೌಕರಿ ಉಳಿಯಿತು. ಅವನು ಯಂತ್ರದ ಬುಡದಲ್ಲೇ ಕುಳಿತುಬಿಟ್ಟ. ಊಟ ಒಂದೂವರೆಗೆ ಸಾಗಬೇಕು ಎಂದು ಮೇಡಂ ಗದರಿಸಿದ ಮೇಲೆಯೇ ಎದ್ದದ್ದು.

ಒಳಗೆ ಫೋನಿಗೆ ಸಂಪರ್ಕ ಸಿಗಲಿಲ್ಲ. ಮೇಡಂ ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತು, ಪುಣೆಯ ಮಾಲೀಕರಿಗೆ ಕರೆ ಮಾಡಿದರು. ಪೇಟೆಯಿಂದ ತಕ್ಷಣ ಅಕ್ಕಿ ಕೊಳ್ಳಲು ಒಪ್ಪಿಗೆ ಬೇಕೆಂದರು. ಅತ್ತಲಿಂದ ಮಾಲೀಕರ ದನಿ ಜೋರಾಗಿ, ಮೂರನೆಯ ಸಾಲಿನಲ್ಲಿ ನಿಂತವರಿಗೂ ಕೇಳುವಂತೆ ಬಂತು: ಕೊಳ್ಳುವುದೇಕೆ, ಉಗ್ರಾಣದಲ್ಲಿ ಬೇಕಾದಷ್ಟಿದೆಯಲ್ಲ, ಈಗ ಎಷ್ಟಿದೆ ಹೇಳಿ?

ಪಿಂಟೋ ಮೇಡಂ ಉತ್ತರಕ್ಕೆ ಬಾಯಿ ತೆರೆದರು.

ಎದುರಿಗೆ ಯಾಕೂಬ ಉಸಿರು ಬಿಗಿಹಿಡಿದಿದ್ದ. ಬಾನುಬಿಯ ಕೈ ಬುಟ್ಟಿಯ ಮೇಲಿತ್ತು. ಕಾಯಿಪಲ್ಯದವನು ಕಣ್ಣು ಮುಚ್ಚಿಕೊಂಡಿದ್ದ. ಕಸ್ತೂರಿ ಸೌಟನ್ನು ಕಂಕುಳಲ್ಲಿ ಸಿಕ್ಕಿಸಿ ಕೈಮುಗಿದು ನಿಂತಿದ್ದಳು. ನೂರಾ ಇಪ್ಪತ್ತು ಜನರ ಊಟದ ಅಧ್ಯಕ್ಷರಾದ ಗುರುಪಾದಯ್ಯನವರೂ ಬೇಡವೆಂಬಂತೆ ಸಣ್ಣಗೆ ತಲೆಯಾಡಿಸಿದರು.

ತೆರೆದ ಬಾಯನ್ನು ಮೇಡಂ ಮುಚ್ಚಿದರು. “ಒಂದು ನಿಮಿಷ, ಸರ್,” ಎಂದು ಫೋನನ್ನು ಎದೆಗೊತ್ತಿಕೊಂಡು, ತಿರುಗಿ ಆ ಕೋಣೆಯೊಳಗೆ ಹೋಗಿ, ಸಂಪರ್ಕ ಸಿಕ್ಕರೆ ಸಿಗಲಿ ಬಿಟ್ಟರೆ ಬಿಡಲಿ ಎಂದು, ಗಾಜಿನ ಬಾಗಿಲನ್ನು ಒಳಗಿನಿಂದ ಎಳೆದುಕೊಂಡರು.